ಎಡಕ್ಕೆ ಬಿದ್ದ ಹೂವು

ಹೆದರುವುದಕ್ಕೇ ಸಂಬಳ ತಗೊಳ್ಳುವ ಮನುಷ್ಯ ನಾನು. ತುಮಕೂರಿನಿಂದ ಕೋರ ದಾಟಿ ಹೋದರೆ ಸಿಗುವ ಕಾರ್ಖಾನೆಗಳ ಸಾಲಿನಲ್ಲಿ ಒಂದರಲ್ಲಿ ಸೇಫ್ಟಿ ಆಫೀಸರು. ಯಾರು ಎಲ್ಲಿ ಜಾರಬಹುದು, ಯಾವ ಕಬ್ಬಿಣ ಯಾರ ತಲೆ ಮೇಲೆ ಬೀಳಬಹುದು ಅಂತ ಬೆಳಗಿನಿಂದ ಸಂಜೆಯವರೆಗೆ ಕೆಟ್ಟದ್ದನ್ನೇ ಯೋಚಿಸುವುದು ನನ್ನ ಕೆಲಸ. ಶೆಡ್ಡಿನ ಮೇಲೆ ಹತ್ತುವವನಿಗೆ ಬೆಲ್ಟು ಬಿಗಿಸಿ, ನಾನು ನೆಲದ ಮೇಲೆ ನಿಂತು "ಹುಷಾರು ಕಣಪ್ಪಾ" ಅಂತ ಕೂಗುತ್ತೇನೆ. ಅವನನ್ನು ಕತ್ತೆತ್ತಿ ನೋಡಿದರೂ ನನಗೆ ತಲೆ ಸುತ್ತುತ್ತದೆ. ಮನೆಯಲ್ಲೂ ಇದೇ ಕತೆ. ಬಲ್ಬು ಹಾಕುವುದಕ್ಕೆ ಸ್ಟೂಲು ಹತ್ತುವವಳು ನನ್ನ ಹೆಂಡತಿ ಸುಶೀಲ, ಸ್ಟೂಲು ಹಿಡಿದುಕೊಳ್ಳುವವನು ನಾನು. "ನೀವು ಹಿಡ್ಕೊಂಡ್ರೇನೇ ಅದು ಅಲ್ಲಾಡೋದು, ಬಿಡ್ರೀ" ಅನ್ನುತ್ತಾಳೆ.

ಇಂಥ ನನ್ನ ಮಗಳು ಕಾವ್ಯ ತನ್ನ ಬ್ಯಾಂಕಿನಲ್ಲೇ ಕೆಲಸ ಮಾಡುವ ಮೈಸೂರಿನ ಹುಡುಗನನ್ನು ಮೆಚ್ಚಿಕೊಂಡಳು. ಒಳ್ಳೆಯ ಹುಡುಗ. ಅವರಪ್ಪ ರಿಟೈರಾದ ಮೇಷ್ಟ್ರು, ಅಮ್ಮ ಲಲಿತಮ್ಮ. ಹೆಣ್ಣು ನೋಡಿ ಉಪ್ಪಿಟ್ಟು, ಕೇಸರಿಬಾತು ತಿಂದು ಹೋದವರು ತಿಂಗಳಾದರೂ ಹೂಂ ಅನ್ನಲಿಲ್ಲ, ಉಹೂಂ ಅನ್ನಲೂ ಇಲ್ಲ. ಕಾವ್ಯ ಸರಿಯಾಗಿ ಊಟ ಮಾಡುವುದನ್ನೇ ಬಿಟ್ಟಳು. ಕೊನೆಗೊಂದು ದಿನ ಮೇಷ್ಟ್ರು ಫೋನು ಮಾಡಿ, "ಮಾತು ಆಮೇಲೆ ಆಡೋಣ ಸ್ವಾಮಿ, ಮೊದಲು ನಿಮ್ಮ ಸೀಮೆ ಒಂದು ಸುತ್ತು ತೋರಿಸಿ. ಗುಬ್ಬಿ, ಕುಣಿಗಲ್ ಎಲ್ಲಾ ನೋಡ್ಕೊಂಡು ಹುತ್ರಿದುರ್ಗ ಹತ್ತಿಬಿಡೋಣ. ನಾನು ವಾರಕ್ಕೊಂದ್ಸಲ ಚಾಮುಂಡಿಬೆಟ್ಟದ ಮೆಟ್ಟಿಲು ಹತ್ತೋನು" ಅಂದರು. ಹೆಣ್ಣಿನ ಕಡೆಯವರು ಇಲ್ಲ ಅನ್ನುವುದುಂಟೇ? "ಧಾರಾಳವಾಗಿ" ಅಂದೆ. ಸುಶೀಲ ಮೊದಲೇ ಎಚ್ಚರಿಕೆ ಕೊಟ್ಟಳು: "ಅವರ ಮುಂದೆ ಪುಕ್ಕಲುತನ ತೋರಿಸಿ ಮಗಳ ಬಾಳಿಗೆ ಕಲ್ಲು ಹಾಕ್ಬೇಡಿ."

ಹುತ್ರಿದುರ್ಗ ನೀವು ನೋಡಿದ್ದೀರೋ ಇಲ್ಲವೋ. ದೂರದಿಂದ ಬಹಳ ಚೆಂದ. ಹತ್ತಿರ ಹೋದರೆ ಕೋಟೆ ಬಾಗಿಲ ಮೇಲೆ ಬಾಗಿಲು, ಗೋಡೆ ಮೇಲೆ ಗೋಡೆ, ಅದರಾಚೆ ಬೋಳು ಬಂಡೆ. ಆ ಬಂಡೆಯಲ್ಲೇ ಕಾಲಿಡುವಷ್ಟು ಮೆಟ್ಟಿಲು ಕೊರೆದಿದ್ದಾರೆ. ಹಿಡಿಕೆ ಇಲ್ಲದ ಮೆಟ್ಟಿಲನ್ನು ನಮ್ಮ ಕಾರ್ಖಾನೆಯಲ್ಲಾದರೆ ನಾನು ಹಗ್ಗ ಕಟ್ಟಿ ಬಂದ್ ಮಾಡಿಸುತ್ತಿದ್ದೆ. ಹಳೇ ಕಾಲದ ರಾಜರನ್ನು ಕೇಳುವವರು ಯಾರು?

ಹಾಗಾಗಿ ನಾನೊಂದು ಉಪಾಯ ಮಾಡಿದೆ. ದಾರಿಯಲ್ಲಿ ನಿಟ್ಟೂರಿನ ಹತ್ತಿರ ನಮ್ಮ ಮನೆದೇವರ ಸಣ್ಣ ಗುಡಿಯಿದೆ. ಅಲ್ಲಿ ಹೂವು ಕೇಳುವ ಪದ್ಧತಿ. ಪೂಜಾರಪ್ಪ ಒದ್ದೆ ಹೂವೊಂದನ್ನು ದೇವರಿಗೆ ಅಂಟಿಸುತ್ತಾರೆ, ನಾವು ಮನಸ್ಸಿನಲ್ಲೇ ಪ್ರಶ್ನೆ ಕೇಳಿಕೊಂಡು ಕೈಮುಗಿದು ನಿಲ್ಲಬೇಕು. ಬಲಕ್ಕೆ ಬಿದ್ದರೆ ಆಗಲಿ, ಎಡಕ್ಕೆ ಬಿದ್ದರೆ ಬೇಡ. ನಮ್ಮ ಮನೆಯಲ್ಲಿ ಬೋರು ಕೊರೆಸಿದ್ದು, ಸ್ಕೂಟರು ಕೊಂಡಿದ್ದು, ನನ್ನ ಅಪೆಂಡಿಕ್ಸ್ ತೆಗೆಸಿದ್ದು ಎಲ್ಲಾ ಹೂವು ಕೇಳಿಯೇ. ಮನೆದೇವರೇ ಬೇಡ ಅಂದಮೇಲೆ ಬೀಗರಾಗುವವರು ತಾನೇ ಏನು ಮಾಡಿಯಾರು!

ಗುಬ್ಬಿ ಪೇಟೆ ಸುತ್ತಿ, ತಿಂಡಿ ತಿಂದು ಗುಡಿಗೆ ಹೋದೆವು. ಪೂಜಾರಪ್ಪ ಹೂವು ಅಂಟಿಸಿ "ಕೇಳ್ಕೊಳ್ಳಿ" ಅಂದರು. ನಾನು ಕಣ್ಣುಮುಚ್ಚಿ, "ಅಪ್ಪಾ, ಬೆಟ್ಟ ಹತ್ತಲೇ? ಬೇಡ ಅಂತ ಅನ್ನಪ್ಪಾ, ನಿನ್ನ ದಮ್ಮಯ್ಯ" ಅಂದುಕೊಂಡೆ. ಹೂವು ಪಟಕ್ಕನೆ ಎಡಕ್ಕೆ ಬಿತ್ತು. ಹಾಲು ಕುಡಿದಷ್ಟು ಸಂತೋಷವಾಯಿತು. ಕಣ್ಣು ಬಿಟ್ಟು ನೋಡಿದರೆ ಪಕ್ಕದಲ್ಲಿ ಲಲಿತಮ್ಮನವರೂ ಕೈಮುಗಿದು ನಿಂತಿದ್ದಾರೆ. ಬಿದ್ದ ಹೂವನ್ನು ನೋಡಿ ಅವರ ಮುಖ ಸುಣ್ಣದ ಹಾಗೆ ಬಿಳುಚಿಕೊಂಡಿತ್ತು. ಸುಶೀಲ ನನ್ನ ಅಂಗಿ ಎಳೆದು ಪಿಸುಗುಟ್ಟಿದಳು: "ಅಯ್ಯೋ, ಅವ್ರು ಸಂಬಂಧ ಕೇಳ್ಕೊಂಡಿರ್ಬೇಕು ಕಣ್ರೀ! ಎಡಕ್ಕೆ ಬಿತ್ತಲ್ಲಾ!"

ನನ್ನ ಎದೆ ಧಸಕ್ಕೆಂದಿತು. ಒಂದೇ ಹೂವು, ಕೇಳಿದವರು ಇಬ್ಬರು! ಇದು ನನ್ನ ಹೂವು ಅಂತ ಹೇಳಲೇಬೇಕು. ಹೇಳಿದರೆ ಏನು ಕೇಳಿಕೊಂಡೆ ಅಂತಲೂ ಹೇಳಬೇಕು. ಬಾಗಿಲ ಹೊರಗೆ ಕಾವ್ಯ ಆ ಹುಡುಗನ ಜೊತೆ ನಗುತ್ತಾ ಚಪ್ಪಲಿ ಕಾಯುತ್ತಿದ್ದಳು. ಎಷ್ಟೋ ದಿನಗಳ ಮೇಲೆ ಅವಳ ನಗು ಕೇಳಿದ್ದೆ. ಬಾಯಿಗೆ ಬಂದದ್ದನ್ನು ಹೇಳಿಯೇಬಿಟ್ಟೆ: "ಅಮ್ಮಾ, ಗಾಬರಿಯಾಗ್ಬೇಡಿ, ಅದು ನಾನು ಕೇಳಿದ ಹೂವು! ಬೆಟ್ಟದಲ್ಲಿ ನಮಗೇನಾದ್ರೂ ಅಪಾಯ ಇದ್ಯಾ ಅಂತ ಕೇಳ್ದೆ. ಎಡಕ್ಕೆ ಕೊಟ್ಟ. ಇಲ್ಲ ಅಂತ!"

"ಭಲೇ! ಇನ್ನೇನು ಮತ್ತೆ, ನಡೀರಿ" ಅಂದರು ಮೇಷ್ಟ್ರು. ಲಲಿತಮ್ಮನವರ ಮುಖದ ಬಿಳುಪು ಮಾತ್ರ ಇಳಿಯಲಿಲ್ಲ.

ಕುಣಿಗಲ್ ಕೆರೆ ಏರಿಯ ಮೇಲೆ ಮೇಷ್ಟ್ರು ಫೋಟೋ ತೆಗೆದರು, ಕುದುರೆ ಫಾರಂ ಎಲ್ಲಿ ಅಂತ ವಿಚಾರಿಸಿದರು. ನನಗೆ ಒಂದೂ ತಲೆಗೆ ಹತ್ತಲಿಲ್ಲ. ಬೆಟ್ಟದ ಭಯ ಹುಟ್ಟಿನಿಂದ ಬಂದದ್ದು, ಹೇಗೋ ತಡೆಯಬಹುದು. ಈಗ ದೇವರು ಬಾಯಿಬಿಟ್ಟು ಬೇಡ ಅಂದ ಬೆಟ್ಟವನ್ನು, ಅವನ ಮಾತನ್ನೇ ತಿರುಚಿ ಹತ್ತಲು ಹೊರಟಿದ್ದೆ. ಮೇಲೆ ಕಾದಿರುವುದು ಹಾವೋ, ಹೆಜ್ಜೇನೋ, ಕೋತಿಯೋ ಅಂತ ಕೆಟ್ಟದ್ದನ್ನು ಯೋಚಿಸುವುದರಲ್ಲಿ ನನಗೆ ಸರ್ವಿಸ್ ಬೇರೆ ಇದೆ ನೋಡಿ. ಕಾರಿನಲ್ಲಿ ಕೂತೇ ಬೆವರಿಳಿಯಿತು.

ಹತ್ತಿದೆ. ಹೇಗೆ ಅಂತ ಕೇಳಬೇಡಿ. ಎರಡು ಬಾಗಿಲು ಕಾಲಲ್ಲಿ, ಆಮೇಲಿನದು ಕೈಕಾಲು ಎರಡರಲ್ಲೂ. ಮಕ್ಕಳು, ಮೇಷ್ಟ್ರು ಮುಂದೆ ಹೋದರು. ಸುಶೀಲ ಸೆರಗು ಸಿಕ್ಕಿಸಿಕೊಂಡು ಅವರ ಹಿಂದೆಯೇ ಹೋದಳು. ನಾನು ಬೋಳು ಬಂಡೆಯ ನಡುವೆ ಕಲ್ಲಿಗೆ ಬೆನ್ನು ಕೊಟ್ಟು ಕೂತುಬಿಟ್ಟೆ. ಗಾಳಿ ಬೀಸಿದಾಗಲೆಲ್ಲ ಜೀವ ಬಾಯಿಗೆ ಬರುತ್ತಿತ್ತು. ಕೆಳಗೆ ಹೊಲ, ಮನೆ, ನಮ್ಮ ಕಾರು ಎಲ್ಲಾ ಇಷ್ಟಿಷ್ಟೇ. ಒಂದು ಸಲ ನೋಡಿ ಕಣ್ಣು ಮುಚ್ಚಿಕೊಂಡೆ.

ಪಕ್ಕದಲ್ಲಿ ಯಾರೋ ಏದುಸಿರು ಬಿಟ್ಟರು. ಲಲಿತಮ್ಮ! ಅವರೂ ಕೂತೇ ಸರಿದುಕೊಂಡು ಬಂದಿದ್ದರು.

"ಒಂದು ಮಾತು ಹೇಳ್ತೀನಿ, ನಮ್ಮೆಜಮಾನ್ರಿಗೆ ಹೇಳ್ಬೇಡಿ" ಅಂದರು. "ನಂಗೆ ಬೆಟ್ಟ ಅಂದ್ರೆ ಪ್ರಾಣಭಯ. ಗುಡೀಲಿ ನಾನೂ ಹತ್ಲಾ ಬೇಡ್ವಾ ಅಂತಾನೇ ಕೇಳ್ಕೊಂಡೆ. ಎಡಕ್ಕೆ ಬಿತ್ತು. ಹೋಗಲ್ಲ ಅನ್ನೋಣ ಅಂತಿದ್ದೆ. ಅಷ್ಟರಲ್ಲಿ ನೀವು, ಅಪಾಯ ಇಲ್ಲ ಅಂತ ದೇವ್ರೇ ಹೇಳಿದಾನೆ ಅಂದ್ರಲ್ಲಾ. ಆ ಧೈರ್ಯದ ಮೇಲೆ ಬಂದೆ."

"ಮತ್ತೆ... ಮಕ್ಕಳ ಸಂಬಂಧ?"

"ಅದನ್ನ ಯಾರು ಕೇಳ್ತಾರೆ ದೇವರನ್ನ? ಅದಕ್ಕೆ ನಾವು ಯಾವತ್ತೋ ಒಪ್ಪಿಯಾಯ್ತು. ಬೆಟ್ಟ ಹತ್ಕೊಂಡು ಬಂದು ಹೇಳೋಣ ಅಂತ ಇವ್ರೇ ತಡೆದಿದ್ರು."

ಅಂದರೆ, ಬೇಡ ಅಂತ ದೇವರು ಒಂದೇ ಹೂವಿನಲ್ಲಿ ಇಬ್ಬರಿಗೂ ಹೇಳಿದ್ದ. ಇಬ್ಬರೂ ಈಗ ಬಂಡೆಯ ಮೇಲಿದ್ದೆವು. ನಗಬೇಕೋ ಅಳಬೇಕೋ ತಿಳಿಯದೆ ಎದ್ದು, ನನ್ನ ಟವೆಲ್ಲಿನ ಒಂದು ತುದಿಯನ್ನು ಅವರಿಗೆ ಕೊಟ್ಟೆ. ಅವರು ಎರಡೂ ಕೈಯಲ್ಲಿ ಗಟ್ಟಿಯಾಗಿ ಹಿಡಿದುಕೊಂಡರು. ಕೆಳಗೆ ನೋಡಿದರು.

"ಬೀಗರೇ," ಅಂದರು, "ಇಳಿಯೋಕೂ ಅಪಾಯ ಇಲ್ಲ ಅಂತ ಹೇಳಿದಾನಾ ದೇವ್ರು?"

ಬೀಗರೇ ಅಂದುಬಿಟ್ಟರಲ್ಲ! ಆ ಮಾತಿಗೋಸ್ಕರ ನಾನು ಇನ್ನೂ ಎರಡು ಬೆಟ್ಟ ಹತ್ತುತ್ತಿದ್ದೆ. "ಹೇಳಿದಾನಮ್ಮ, ಹೇಳಿದಾನೆ" ಅಂದೆ, ಮತ್ತೆ ಗಟ್ಟಿಯಾಗಿ ಕಣ್ಣು ಮುಚ್ಚಿಕೊಂಡು.