ರೀಮಿಕ್ಸ್ ಆದ ಸೋಬಾನೆ ಪದ

ಸಂಗೀತದ ವಿಷಯದಲ್ಲಿ ಮಾತಾಡುವ ಅರ್ಹತೆ ನನಗೆ ಪೂರ್ಣವಾಗಿ ಇತ್ತು. ಏಕೆಂದರೆ ನನ್ನ ಹತ್ತಿರ ಎರಡು ಕ್ಯಾಸೆಟ್ ಖಾನೆಯ ಟೇಪ್ ರೆಕಾರ್ಡರ್ ಇತ್ತು! ಎಂಬತ್ತರ ದಶಕ ಮುಗಿಯುತ್ತ ಬಂದಿದ್ದ ಆ ಕಾಲದಲ್ಲಿ ಬೆಳಗಾವಿಯ ಶಿವಬಸವ ನಗರದ ನಮ್ಮ ಓಣಿಯಲ್ಲಿ ಬೇರೆ ಯಾರ ಮನೆಯಲ್ಲೂ ಅಂಥದ್ದು ಇರಲಿಲ್ಲ.

ಲೋಂಡಾದಲ್ಲಿ ರೈಲ್ವೆ ನೌಕರಿ ಮಾಡುತ್ತಿದ್ದ ಗೆಳೆಯ ಬಸವರಾಜ ಒಂದು ದಿನ ನನಗೊಂದು ಕ್ಯಾಸೆಟ್ ತಂದುಕೊಟ್ಟ. ಗೋವಾಕ್ಕೆ ಹೊರಟಿದ್ದ ವಿದೇಶಿಯೊಬ್ಬ ಅವನಿಗೆ ಕೊಟ್ಟದ್ದಂತೆ. ಅದರಲ್ಲಿ ತಬಲಾ ಇಲ್ಲ, ಹಾರ್ಮೋನಿಯಂ ಪೇಟಿ ಇಲ್ಲ. ಕಬ್ಬಿಣ ಬಡಿಯುವ ಸದ್ದು, ಯಂತ್ರ ಗುರುಗುಟ್ಟುವ ಸದ್ದು, ನಡುವೆ ಯಾರೋ ಒಬ್ಬ ಸಿಟ್ಟಿನಿಂದ ಒಂದೇ ಮಾತನ್ನು ಮತ್ತೆ ಮತ್ತೆ ಒದರುವುದು. ಆ ಒಂದೇ ಹಾಡನ್ನು ಬಿಚ್ಚಿ, ಬೇರೆ ಬೇರೆ ರೀತಿ ಜೋಡಿಸಿ ಇಡೀ ಕ್ಯಾಸೆಟ್ ತುಂಬಿದ್ದರು. ಇದಕ್ಕೆ ‘ರೀಮಿಕ್ಸ್’ ಅನ್ನುತ್ತಾರೆಂದು ಬಸವರಾಜ ತಿಳಿಸಿದ.

ಉದ್ಯಮಬಾಗದ ಫೌಂಡ್ರಿಯಲ್ಲಿ ದುಡಿಯುವ ನನಗೆ ರೋಮಾಂಚನವಾಯಿತು. ನಾವು ದಿನಾ ಮಾಡುವ ಗದ್ದಲಕ್ಕೆ ತಾಳ ಹಾಕಿದರೆ ಕುಣಿಯುವ ಸಂಗೀತ! ಸದ್ದು ಕೇಳಿ ಹೆಂಡತಿ ಶಾಂತಾ ಅಡುಗೆಮನೆಯಿಂದ ಓಡಿ ಬಂದಳು.

“ಏನ್ರಿ, ನೀರಿನ ಮೋಟರ್ ಕೆಟ್ಟತೇನು?”

“ಹಾಡು ಇದು.”

“ಖರೇನ? ಹಂಗಾರ ನೀವು ದಿನಾ ಸಂಗೀತ ಕಚೇರಿಗೆ ಹೋಗಿ ಬರ್ತೀರಿ ಅನ್ನರಿ.”

ಅದೇ ತಿಂಗಳು ಖಾನಾಪುರದಲ್ಲಿ ಶಾಂತಾಳ ತಂಗಿಯ ಮದುವೆ. ಬೀಗರು ಬೈಲಹೊಂಗಲದವರು. ಅವರ ಮನೆಯಲ್ಲಿ ಸೊಸೆಯನ್ನು ಹಸೆಮಣೆಗೆ ಕೂರಿಸುವಾಗ ವರನ ಅಜ್ಜಿ, ಚೆನ್ನವ್ವ ಆಯಿ, ಸೋಬಾನೆ ಪದ ಹಾಡಲೇಬೇಕು. ಈಚೆಗೆ ಆಯಿಗೆ ದಮ್ಮು. ಮದುವೆಯ ದಿನ ಉಸಿರು ಕೈಕೊಟ್ಟರೆ ಎಂದು ಹೆದರಿ ಬೀಗರು ಆಯಿಯಿಂದ ಪದವನ್ನು ಮೊದಲೇ ಕ್ಯಾಸೆಟ್ಟಿನಲ್ಲಿ ಹಾಡಿಸಿ ಕಳಿಸಿದ್ದರು. ಇದ್ದದ್ದು ಅದೊಂದೇ ಪ್ರತಿ. ಮಾವ ಅದನ್ನು ನನ್ನ ಕೈಗಿಟ್ಟು, “ಅಳಿಯಂದಿರ, ಮೈಕಿನ ಜವಾಬ್ದಾರಿ ನಿಮ್ದರಿ” ಎಂದರು.

ಜವಾಬ್ದಾರಿಯುತ ಮನುಷ್ಯನಾದ ನಾನು ಮೊದಲು ಇನ್ನೊಂದು ಪ್ರತಿ ಮಾಡಲು ಕೂತೆ. ಫೌಂಡ್ರಿಯ ಸುತ್ತಿಗೆಯ ಸದ್ದನ್ನು ಹಿಂದಿನ ದಿನವೇ ಒಂದು ಕ್ಯಾಸೆಟ್ಟಿಗೆ ತುಂಬಿ ತಂದಿದ್ದೆ. ಖಾಲಿ ಕ್ಯಾಸೆಟ್ ಇರಲಿಲ್ಲ, ಅದರ ಮೇಲೇ ಪ್ರತಿ ಇಳಿಯಲಿ ಎಂದು ಅದನ್ನು ಬಲಗಡೆ ಖಾನೆಗೆ ಹಾಕಿದೆ. ಆಯಿಯ ಕ್ಯಾಸೆಟ್ ಎಡಗಡೆ ಖಾನೆಗೆ ಹಾಕಿ, ಮೊದಲ ಸಾಲು ಕೇಳಿ ನೋಡಿ, ಪ್ರತಿ ಮಾಡುವ ಗುಂಡಿ ಒತ್ತಿ, ಚಹಾ ಕುಡಿಯಲು ಹೋದೆ. ರೆಕಾರ್ಡ್ ಆಗುವ ಖಾನೆ ಎಡಗಡೆಯದು!

ತಿರುಗಿ ಬಂದು ನೋಡಿದರೆ ಆಯಿ ಮೊದಲ ಸಾಲಿನಲ್ಲಿ “ಕುಂದರ ಬಾರ ತಂಗೀ” ಎಂದು ವಧುವನ್ನು ಕೂರಲು ಕರೆಯುತ್ತಾರೆ, ಅಲ್ಲಿಂದ ಮುಂದೆ ಬರೀ ಸುತ್ತಿಗೆ.

ಆದರೂ ಧೈರ್ಯ ಕೆಡಲಿಲ್ಲ. ವಿದೇಶಿಯರು ಒಂದೇ ಮಾತಿನಿಂದ ಕ್ಯಾಸೆಟ್ ತುಂಬಬಹುದಾದರೆ ನಾನೇಕೆ ತುಂಬಬಾರದು? ಉಳಿದಿದ್ದ ಆ ಸಾಲನ್ನೇ ತುಂಡು ತುಂಡು ಮಾಡಿ, ನಡುನಡುವೆ ಸುತ್ತಿಗೆ ಸೇರಿಸಿ ಹೊಸ ಹಾಡು ಕಟ್ಟಿದೆ. ಕೇಳುತ್ತ ಕೇಳುತ್ತ ಮೂಲಕ್ಕಿಂತ ಇದೇ ಮೇಲು ಅನ್ನಿಸತೊಡಗಿತು!

ಮದುವೆಯ ದಿನ ವಧು ಹಸೆಮಣೆಯ ಹತ್ತಿರ ಬಂದಳು. ಆಯಿ ಮುಂದಿನ ಸಾಲಿನಲ್ಲೇ ಸೆರಗು ಸರಿಮಾಡಿಕೊಂಡು ಕೂತರು. ಮಾವ ಕಣ್ಣಿನಲ್ಲೇ ಸನ್ನೆ ಮಾಡಿದರು. ನಾನು ಗುಂಡಿ ಒತ್ತಿದೆ.

ಠಣ್! “ಕುಂದ!” ಠಣ್! “ಕುಂದ!” ಠಣ್ ಠಣ್! “ಕುಂದ! ಕುಂದ! ಕುಂದ!”

‘ಕುಂದರ’ದ ಬಾಲ ಕತ್ತರಿಸಿದರೆ ಬೆಳಗಾವಿಯ ಸಿಹಿ ತಿಂಡಿಯಾಗುತ್ತದೆ ಎಂಬುದು ನನ್ನ ತಲೆಗೆ ಹೊಳೆದೇ ಇರಲಿಲ್ಲ.

ಅಡುಗೆಯವ ಸೌಟು ಹಿಡಿದೇ ಹೊರಗೆ ಬಂದ. “ಕುಂದಾ ಯಾರಿಗೆ ಹೇಳೀರ್ರಿ? ನನಗ ಬುಂದೆ ಲಾಡು ಅಷ್ಟ ಹೇಳಿದ್ರಿ!”

ಆಯಿಯ ಮಗ, ಅಂದರೆ ವರನ ಕಾಕಾ, ಎದ್ದು ನಿಂತರು. “ಏನ್ರಿ ಬೀಗರ, ನಮ್ಮವ್ವ ಕುಂದಾ ಬೇಡಾಕ ಬಂದಾಳಂತ ಮೈಕ್ ಹಚ್ಚಿ ಊರಿಗೆಲ್ಲ ಸಾರ್ತೀರೇನು?”

“ಇದು ರೀಮಿಕ್ಸ್ ರೀ” ಎಂದು ನಾನು ವಿನಯದಿಂದ ವಿವರಿಸಿದೆ.

“ಮಿಕ್ಸ್ ಮಾಡಿದ್ದನ್ನ ಮೊದಲ ಬ್ಯಾರೆ ಮಾಡ್ರಿ! ನಮ್ಮವ್ವನ ಪದಾ ಹಚ್ಚರಿ!”

“ಅದು... ಈಗ ಇಲ್ರಿ.”

ಮಾವ ನನ್ನ ತೋಳು ಹಿಡಿದು ಬಾಗಿಲವರೆಗೆ ಕರೆತಂದು, ಹಲ್ಲು ಕಚ್ಚಿ, “ಅಳಿಯಂದಿರ, ನೀವು ಸ್ಕೂಟರ್ ತಗೊಂಡು ಬೆಳಗಾವಿಗೆ ಹೋಗಿ ಕುಂದಾ ತರ್ರಿ. ಸಾವಕಾಶ ಬರ್ರಿ” ಎಂದರು.

ಕುಂದಾದ ಡಬ್ಬಿಗಳೊಂದಿಗೆ ನಾನು ಖಾನಾಪುರಕ್ಕೆ ಮರಳುವಷ್ಟರಲ್ಲಿ ಅಕ್ಷತೆ ಬಿದ್ದು, ಅರ್ಧ ಜನರ ಊಟವೂ ಆಗಿತ್ತು. ನಡೆದದ್ದನ್ನು ಶಾಂತಾ ಕಣ್ಣೊರೆಸಿಕೊಳ್ಳುತ್ತಲೇ ಹೇಳಿದಳು.

“ಆಯಿ ತಾವ ಎದ್ದು ಬಂದ್ರು ನೋಡ್ರಿ. ತಂಗಿ ಕೈ ಹಿಡಿದು ಹಾಡಾಕ ಹತ್ತಿದ್ರು. ದಮ್ಮು ಹತ್ತಿ ನಿಂತಲ್ಲೆ ನಮ್ಮವ್ವ ಸಾಲು ಎತ್ತಿಕೊಂಡ್ಲು, ಆಮ್ಯಾಲ ಎರಡೂ ಕಡೆ ಹೆಣ್ಣಮಕ್ಕಳು ಕೂಡಿ ಹಾಡಿದ್ವಿ. ಕಾಕಾನೂ ಅತ್ರು. ಇಂಥಾ ಪದಾ ನಾ ಎಂದೂ ಕೇಳಿದ್ದಿಲ್ಲ!”

ಅಷ್ಟೊಂದು ಚಂದದ ಹಾಡು ನಡೆದಾಗ ನಾನು ಪೇಟೆಯಲ್ಲಿ ಕುಂದಾ ತೂಗಿಸುತ್ತಿದ್ದೆ! ಕುಂದಾವನ್ನಂತೂ ಎಲ್ಲರೂ ಮೆಚ್ಚಿದರು. ಕಾಕಾ ಎರಡನೆಯ ಸಲ ಹಾಕಿಸಿಕೊಂಡರು. ಊಟವಾದ ಮೇಲೆ ಹೆಂಗಸರೆಲ್ಲ ಸುತ್ತ ಕೂತು ಆಯಿಗೆ ಇನ್ನೊಮ್ಮೆ ಹಾಡೆಂದು ಗಂಟುಬಿದ್ದರು. ಇದೇ ಸಮಯವೆಂದು ನಾನು ಟೇಪ್ ರೆಕಾರ್ಡರ್ ಹೊತ್ತು ಮೆಲ್ಲಗೆ ಹತ್ತಿರ ಹೋದೆ.

“ಹಾಡ್ತೀನವ್ವಾ” ಅಂದರು ಆಯಿ. “ಮೊದಲ ಆ ಪೆಟ್ಟಿಗಿ ಹೊರಗ ಕಳಸ್ರಿ.”

“ಪೆಟ್ಟಿಗಿ ಅಷ್ಟನ ಏನ್ರಿ ಆಯಿ?” ಶಾಂತಾ ಕೇಳಿದಳು.

“ಪೆಟ್ಟಿಗಿಯವರನ್ನೂ.”

ಹೊರಗೆ ಪೆಂಡಾಲಿನ ಕೆಳಗೆ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತೆ. ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದ ಹಿರಿಯರೊಬ್ಬರು ಅದನ್ನೇ ಸ್ವಲ್ಪ ಹೊತ್ತು ನೋಡಿದರು.

“ಅದರಾಗ ರೇಡಿಯೋ ಐತೇನ್ರಿ?”

“ಐತ್ರಿ.”

“ಹಚ್ಚರಿ ಮತ್ತ.”

ಹಚ್ಚಿದೆ. ಸುತ್ತಲಿನವರೆಲ್ಲ ಕುರ್ಚಿ ಎಳೆದುಕೊಂಡು ಹತ್ತಿರ ಬಂದು, ತಲೆದೂಗುತ್ತ ಕೇಳತೊಡಗಿದರು. ಬರುತ್ತಿದ್ದದ್ದು ಶೇಂಗಾದ ಪೇಟೆ ಧಾರಣೆ.