ಸಾಕು ಅಂದರೆ ನಿಲ್ಲಿಸುವ ಅಳಿಯ

ಬೀಗರನ್ನು ಊಟದ ಎಲೆಯಿಂದ ಉಪವಾಸ ಎಬ್ಬಿಸುವ ಅಳಿಯ ನಿಮ್ಮ ಮನೆಯಲ್ಲಿದ್ದಾನೆಯೇ? ನಮ್ಮಲ್ಲಿದ್ದಾನೆ, ರಾಣೆಬೆನ್ನೂರಿನಲ್ಲಿ! ಹಿರಿಮಗಳ ಗಂಡ, ನನ್ನ ತಮ್ಮನ ಮಗನೇ ಆದ್ದರಿಂದ ಗದರಲು ಅಡ್ಡಿಯಿಲ್ಲ.

ಅವರಿವರು ಟೈಪ್ ಮಾಡಿದ ಬರಹವನ್ನು ಕಂಪ್ಯೂಟರಿನಲ್ಲಿ ಪುಸ್ತಕದ ಪುಟಗಳಾಗಿ ಬದಲಿಸುವುದು ಅವನ ಕೆಲಸ. ಅದಕ್ಕೆ ಎರಡು ದಾರಿಯಂತೆ. ಒಂದು ಲೂಪ್: ಇಂಥವನ್ನೆಲ್ಲ ಒಂದೊಂದಾಗಿ ಎತ್ತಿಕೋ, ಹೀಗೆ ಮಾಡು. ಇನ್ನೊಂದು ನಿಯಮ: ಮೊದಲಿಂದ ನೋಡುತ್ತ ಹೋಗು, ತಲೆಬರಹ ಎದುರಾದರೆ ಹೀಗೆ, ಪದ್ಯ ಎದುರಾದರೆ ಹಾಗೆ. ಅಳಿಯ ನಿಯಮದ ಪಾರ್ಟಿ. ಲೂಪ್ ಎಂದೊಡನೆ ಹಾಗಲಕಾಯಿ ಕಡಿದ ಮುಖ!

ಬಸುರಿ ಕಿರಿಮಗಳ ಕುಬಸಕ್ಕೆ ಬ್ಯಾಡಗಿಯಿಂದ ಅವಳ ಮಾವ ಬಂದಿದ್ದರು. ಅಳಿಯನ ಕೈಗೆ ಹೋಳಿಗೆ ಬುಟ್ಟಿ ಕೊಟ್ಟೆ.

"ಈ ತುದಿಯಿಂದ ಆ ತುದಿಗೆ ಎಲ್ಲಾರಿಗೂ ಎರಡೆರಡು ಹಾಕ್ಕೋತ ಹೋಗಪಾ."

"ಅದು ಲೂಪ್ ಆತ್ರಿ ಅತ್ತಿ. ನಾ ಎಲಿ ನೋಡಿ ಹಾಕ್ತೇನ್ರಿ. ಬೇಕು ಅಂದ್ರ ಹಾಕೂದು, ಸಾಕು ಅಂದ್ರ ನಿಲ್ಲಸೂದು."

ನಮ್ಮ ಕಡೆ ಬೀಗರು 'ಸಾಕು' ಅಂದರೆ ಏನರ್ಥ? ಇನ್ನೂ ಎರಡು ಹಾಕಿ ಎಂದು! ಆ ಹಿರಿಯರು ಬುಟ್ಟಿ ಕಂಡೊಡನೆ ಮರ್ಯಾದೆಗೆ "ಸಾಕ್ರಿ, ಸಾಕ್ರಿ" ಅಂದರು. ಅಳಿಯ ತಲೆದೂಗಿ ಮುಂದಿನ ಎಲೆಗೆ ನಡೆದ. ಪಾಪ, ಬೀಗರು ಹೋಗುವ ಬುಟ್ಟಿಯನ್ನೇ ನೋಡುತ್ತ ಉಳಿದರು.

ಈಚೆಗೆ ನಾನು ಫೋನಿನಲ್ಲಿ ಟೈಪ್ ಮಾಡಲು ಕಲಿತೆ. ನನಗೆ ಬರುವ ಚಟ್ನಿ, ಉಪ್ಪಿನಕಾಯಿಗಳನ್ನೆಲ್ಲ ಬರೆದು, ಹೆಣ್ಣುಮಕ್ಕಳಿಗೆ ಪುಸ್ತಕ ಮಾಡಿಕೊಡು ಎಂದು ಅವನಿಗೇ ಕಳಿಸಿದೆ.

"ಇದಕ್ಕೂ ನಿಯಮ ಗಿಯಮ ಅಂತ ಕುಂದ್ರಬ್ಯಾಡ. ಒಂದೊಂದ ಅಡಗಿ ತಗೊ, ಹಾಕು, ಮುಗೀತು!"

ನನ್ನ ಬಾಯಿಗೆ ಹೆದರಿ ಲೂಪೇ ಬರೆದ.

ಪುಟಗಳು ಬಂದವು. ಹೆಸರು, ಸಾಮಾನು, ಮಾಡುವ ಬಗೆ, ಎಲ್ಲ ಚಂದ. ಆದರೆ ಕೆಂಪು ಚಟ್ನಿ ಮುಗಿದು ಉಪ್ಪಿನಕಾಯಿ ಶುರುವಾಗುವ ನಡುವೆ ನಾನೊಂದು ಸಾಲು ಬರೆದಿದ್ದೆ: 'ಈ ಚಟ್ನಿ ತಿಂದು ಅವರು ಕಣ್ಣೊರೆಸಿಕೊಳ್ಳುತ್ತ, ಖಾರ ಸಾಲದು ಅನ್ನುತ್ತಿದ್ದರು.' ಅವರು ಎಂದರೆ ನಮ್ಮ ಮನೆಯವರು. ಈಗಿಲ್ಲ. ಪುಟದಲ್ಲಿ ಆ ಸಾಲೂ ಇಲ್ಲ.

"ಅದು ಅಡಗಿ ಅಲ್ಲಲ್ರಿ ಅತ್ತಿ. ಲೂಪ್ ಅಡಗಿ ಅಷ್ಟ ಆರಿಸ್ಕೊಂಡು ಹೋತು."

ನಕ್ಕು ತೇಲಿಸಲು ನೋಡಿದೆ, ಆಗಲಿಲ್ಲ. ಚಟ್ನಿ ಅರೆಯುವುದನ್ನು ಮಕ್ಕಳಿಗೆ ಯಾರಾದರೂ ಹೇಳಿಕೊಟ್ಟಾರು. ಅವರು ಕಣ್ಣೊರೆಸಿಕೊಂಡದ್ದನ್ನು?

ಅಳಿಯ ಲೂಪ್ ಅಳಿಸಿ, ನಿಯಮ ಬರೆದ. ಹೊಸ ಪುಟದಲ್ಲಿ ಆ ಸಾಲು ತನ್ನ ಜಾಗದಲ್ಲೇ ಕೂತಿತ್ತು.

"ಭಾರಿ ಅದೀ ಬಿಡು! ಈ ಸಾಲಿಗೆ ಅದೇನು ನಿಯಮ ಬರದಿಪಾ?" ಎಂದು ಕೆಣಕಿದೆ.

"ಏನೂ ಬರದಿಲ್ರಿ. ನಿಯಮ ಇಲ್ಲದ್ದು ಇದ್ದಂಗ ದಾಟಿ ಬರ್ತೈತ್ರಿ. ಮಾವಾಗ ನಾ ಯಾವ ನಿಯಮ ಹಚ್ಚಲ್ರಿ ಅತ್ತಿ?"