ಒಂದು ಕ್ಷಾರ, ಮೂರು ಡಬ್ಬಿ

ಆಗ ನನಗೆ ಅರವತ್ತೇಳು. ಹತ್ತು ಹನ್ನೆರಡು ವರ್ಷದ ಹಿಂದಿನ ಮಾತು. ಔರಂಗಾಬಾದಿಗೆ ಈಗ ಹೊಸ ಹೆಸರು ಬಂದಿದೆ, ನಮ್ಮ ನಳಕ್ಕೆ ಮಾತ್ರ ಇನ್ನೂ ನೆಟ್ಟಗೆ ನೀರು ಬಂದಿಲ್ಲ. ನಾನು ಬೀದರ ಕಡೆಯವಳು. ಓದಿದ್ದು ಎರಡನೇ ಕ್ಲಾಸು, ಅದರಲ್ಲೂ ಅರ್ಧ ದಿನ ಮಾಸ್ತರರ ಮನೆಗೆ ನೀರು ಸೇದಿದ್ದೇ ಆಯಿತು. ಓದಿದವರಿಗೆ ಒಂದು ಸೌಕರ್ಯ ಇದೆ. ತಿಳಿಯದಿದ್ದರೆ ‘ಪುಸ್ತಕ ನೋಡಿ ಹೇಳ್ತೀನಿ’ ಎಂದು ಜಾರಿಕೊಳ್ಳಬಹುದು. ನಮ್ಮಂಥವರಿಗೆ ಪುಸ್ತಕವೂ ಇಲ್ಲ, ಜಾರಿಕೊಳ್ಳುವ ದಾರಿಯೂ ಇಲ್ಲ. ಮನೆಯಲ್ಲಿ ಹಿರಿಯಳು ಅನ್ನಿಸಿಕೊಂಡ ಮೇಲೆ ಕೇಳಿದ್ದಕ್ಕೆಲ್ಲ ಉತ್ತರ ಹೇಳಲೇಬೇಕು. ಹೇಳುತ್ತಲೇ ಬಂದಿದ್ದೇನೆ. ಸರಿಯೋ ತಪ್ಪೋ, ನನ್ನ ಹತ್ತಿರ ಬಂದವರನ್ನು ಬರಿಗೈಲಿ ಕಳಿಸಿದ್ದಿಲ್ಲ.

ಮಗ ಬಸವರಾಜ ಶೇಂದ್ರಾದ ಕಾರ್ಖಾನೆಗೆ ಹೋಗುತ್ತಿದ್ದ, ಸೊಸೆ ಬ್ಯಾಂಕಿಗೆ. ಅದೇ ಊರಿನ ಚಿಕಲಠಾಣಾದ ಮನೆಯಲ್ಲಿ ಹಗಲೆಲ್ಲ ನಾನು, ಶಾಲೆ ಬಿಟ್ಟ ಮೇಲೆ ಎಂಟನೆಯ ಕ್ಲಾಸಿನ ಮೊಮ್ಮಗಳು ಅಶ್ವಿನಿ. ಅವಳದು ಮರಾಠಿ ಶಾಲೆ. ಕನ್ನಡ ಕೇಳಿದರೆ ಎಲ್ಲ ತಿಳಿಯುತ್ತದೆ, ಆಡಲು ಹೋದರೆ ಮೂರು ಭಾಷೆ ಒಟ್ಟಿಗೆ ಬಾಯಿಗೆ ನುಗ್ಗುತ್ತವೆ. ವಿಜ್ಞಾನದ ಒಂದು ಪಾಠ ನಡೆದ ವಾರ ಅವಳು ಜ್ವರ ಬಂದು ಮನೆಯಲ್ಲಿ ಮಲಗಿದ್ದಳು. ಎದ್ದ ಮೇಲೆ ಪರೀಕ್ಷೆ. ನಾನು ಅಕ್ಕಿ ಆರಿಸುತ್ತಿದ್ದಾಗ ಬಂದು, “ಆಯಿ, ಕ್ಷಾರ ಮತಲಬ್ ಏನ?” ಅಂದಳು. ಅವಳ ಬಾಯಲ್ಲಿ ಕ್ಷ ಬಂತೋ ಖ ಬಂತೋ ನಾನೇನು ಕಂಡೆ. “ಖಾರ ಗೊತ್ತಿಲ್ಲೇನ? ಮೆಣಸಿನಕಾಯಿ! ದಿನಾ ತಿಂತಿ, ಹೆಸರ ಗೊತ್ತಿಲ್ಲ” ಅಂದೆ. ಸಂಜೆ ಅವರಪ್ಪನನ್ನೂ ಕೇಳಿದಳು. ಅವನು ಬೀದರದಲ್ಲಿ ಕನ್ನಡದಲ್ಲಿ ವಿಜ್ಞಾನ ಓದಿದವನು. “ಆಮ್ಲದ ವೈರಿ ಕ್ಷಾರ. ಸುಣ್ಣದ ತಿಳಿ ನೋಡು, ಅದು” ಎಂದ.

ಪರೀಕ್ಷೆಯಲ್ಲಿ ಕ್ಷಾರಕ್ಕೆ ಎರಡು ಉದಾಹರಣೆ ಕೇಳಿದ್ದರಂತೆ. ಹುಡುಗಿ ಅಪ್ಪನದೊಂದು ನನ್ನದೊಂದು ಬರೆದಳು, ಮನೆಯಲ್ಲಿ ಯಾರಿಗೂ ಬೇಜಾರಾಗಬಾರದಲ್ಲ. ಎರಡೂ ತಪ್ಪು. ಮರಾಠಿ ಪುಸ್ತಕದಲ್ಲಿ ಕ್ಷಾರ ಎಂದರೆ ಉಪ್ಪಿನ ಜಾತಿಯಂತೆ. ಸುಣ್ಣದ ಜಾತಿಗೆ ಅವರಲ್ಲಿ ಆಮ್ಲಾರಿ ಎಂದು ಬೇರೆ ಹೆಸರು. ಸುಣ್ಣ ಬರೆದದ್ದಕ್ಕೆ ಯಾರೂ ನಗಲಿಲ್ಲ, ಮೆಣಸಿನಕಾಯಿಗೆ ಇಡೀ ವರ್ಗ ನಕ್ಕಿತು. ಆ ದಿನದಿಂದ ಅವಳ ಹೆಸರು ಮಿರ್ಚಿ.

ಹುಡುಗಿ ಶಾಲೆಯ ಚೀಲ ಮಂಚದ ಕೆಳಗೆ ತಳ್ಳಿ, ಇನ್ನು ಹೋಗುವುದಿಲ್ಲ ಎಂದು ಕೂತಳು. ಬಸವರಾಜ, “ಹಂಗಾದ್ರ ಬೀದರಕ್ಕ ಕಳಸ್ತೀನಿ, ಅಣ್ಣನ ಮನ್ಯಾಗಿದ್ದು ಕನ್ನಡ ಶಾಲಿಗಿ ಹೋಗ್ಲಿ” ಎಂದ. ಸೋಮವಾರ ಹೊರಡುವುದು ಎಂದೂ ಆಯಿತು. ಕನ್ನಡ ಅಕ್ಷರ ಅವಳಿಗೆ ನನಗಿಂತ ಕಡಿಮೆ ಬರುತ್ತಿತ್ತು. ಅಲ್ಲಿ ಹೋಗಿ ಚಿಕ್ಕ ಮಕ್ಕಳ ಸಾಲಿನಲ್ಲಿ ಕೂಡಬೇಕಿತ್ತು. ನನಗೆ ಕಣ್ಣೀರು ಗಿಣ್ಣೀರು ಬರಲಿಲ್ಲ. ನನ್ನ ಸೂಜಿಗೆ ದಾರ ಪೋಣಿಸುವವರು ಯಾರು, ಸಂಜೆಯ ಮರಾಠಿ ಧಾರಾವಾಹಿಯಲ್ಲಿ ಯಾರು ಯಾರಿಗೆ ವಿಷ ಹಾಕಿದರು ಎಂದು ಹೇಳುವವರು ಯಾರು, ಅದು ನನ್ನ ಚಿಂತೆ.

ಶಾಲೆ ಬಿಟ್ಟಳೇ ಹೊರತು ಪುಸ್ತಕ ಬಿಡಲಿಲ್ಲ, ಹಟಮಾರಿ. ತಪ್ಪಿದ ಪಾಠವನ್ನೆಲ್ಲ ನನ್ನೆದುರು ಕೂತು ಗಟ್ಟಿಯಾಗಿ ಓದಿದಳು. ಜಗತ್ತೆಲ್ಲ ಅಣುವಿನಿಂದ ಆಗಿದೆಯಂತೆ, ಕನ್ನಡದ ಪರಮಾಣುವಿಗೆ ಮರಾಠಿಯಲ್ಲಿ ಅದೇ ಹೆಸರಂತೆ, ಅಣುವಿನ ಒಳಗೆ ಹೆಚ್ಚಿನಂಶ ಖಾಲಿಯಂತೆ. “ನಿಮ್ಮಪ್ಪನ ತಲಿ ಇದ್ದಂಗ” ಅಂದೆ. ಅದರೊಳಗೆ ತಿರುಗುವ ಎಲೆಕ್ಟ್ರಾನ್ ಒಂದನ್ನು ಬೇರೆಯವರಿಗೆ ಕೊಟ್ಟರೆ ಅದು ಪ್ಲಸ್ ಅಯಾನು, ಬೇರೆಯವರದು ಇಸಿದುಕೊಂಡರೆ ಮೈನಸ್. ಈ ಮಾತು ನನಗೆ ಬಹಳ ಹಿಡಿಸಿತು. ನನ್ನ ಇಡ್ಲಿ ಪಾತ್ರೆ ಒಯ್ದ ಬೀಗಿತಿ ಇವತ್ತಿಗೂ ಅದನ್ನು ತಿರುಗಿ ಕೊಟ್ಟಿಲ್ಲ. ಅವಳು ಮೈನಸ್, ನಾನು ಪ್ಲಸ್. ನ್ಯಾಯ ಎನ್ನುವುದು ಕೋರ್ಟಿನಲ್ಲಿಲ್ಲದಿದ್ದರೂ ರಸಾಯನಶಾಸ್ತ್ರದಲ್ಲಿ ಇದೆ.

ಶನಿವಾರ ಬೆಳಿಗ್ಗೆ ಸೊಸೆ, ಮಗ ಇಬ್ಬರೂ ಕೆಲಸಕ್ಕೆ ಹೋದ ಮೇಲೆ ನಾನು ಮೂರು ಸ್ಟೀಲಿನ ಡಬ್ಬಿ ಚೀಲಕ್ಕೆ ಹಾಕಿಕೊಂಡೆ. ಹುಡುಗಿಯ ರಟ್ಟೆ ಹಿಡಿದು ಶಾಲೆಗೆ ನಡೆದೆ. ವಿಜ್ಞಾನದ ಮ್ಯಾಡಮ್ಮು ವರ್ಗದಲ್ಲಿಯೇ ಇದ್ದರು. ನನ್ನನ್ನು ಕಂಡು, ಯಾರು ಇವರು ಎಂದು ಅಶ್ವಿನಿಯನ್ನು ಮರಾಠಿಯಲ್ಲಿ ಕೇಳಿದರು. “ಆಯಿ” ಎಂದಳು. ಮ್ಯಾಡಮ್ಮು ನನ್ನ ಬಿಳಿ ಕೂದಲು ನೋಡಿದರು, ಹುಡುಗಿಯನ್ನು ನೋಡಿದರು, ಮತ್ತೆ ನನ್ನ ಬೊಚ್ಚುಬಾಯಿ ನೋಡಿದರು. ಮರಾಠಿಯಲ್ಲಿ ಆಯಿ ಎಂದರೆ ತಾಯಿ!

ಅಲ್ಲೇ ಹಿಡಿದೆ. ನನ್ನ ಹರಕು ಮರಾಠಿಯಲ್ಲಿ, “ನೋಡ್ರಿ ಮ್ಯಾಡಮ್, ನಮ್ಮ ಕಡಿ ಆಯಿ ಅಂದ್ರ ಅಜ್ಜಿ. ನಿಮ್ಮ ಕಡಿ ತಾಯಿ. ಈ ಪೋರಿ ಸುಳ್ಳ ಹೇಳಿದ್ಳೇನು?” ಎಂದು ಕೇಳಿದೆ.

“ಇಲ್ಲ” ಅಂದರು, ನಗು ತಡೆದುಕೊಂಡು.

ಡಬ್ಬಿಗಳ ಮುಚ್ಚಳ ತೆಗೆದು ಮೇಜಿನ ಮೇಲೆ ಸಾಲಾಗಿ ಇಟ್ಟೆ. “ಕ್ಷಾರ ಅಂದ್ರ ನಿಮಗ ಈ ಉಪ್ಪು. ನನ್ನ ಮಗಗ ಈ ಸುಣ್ಣ. ನನ್ನ ಕಿವಿಗಿ ಈ ಖಾರದ ಪುಡಿ. ಒಂದು ಶಬ್ದ ನಮ್ಮ ಮನ್ಯಾಗ ಮೂರು ಡಬ್ಬಿ ಆಗ್ಯದ. ಇದಕ್ಕ ಮಿರ್ಚಿ ಅಂತ ಹೆಸರಿಡೋದಾದ್ರ ನನಗಿಡ್ರಿ. ಪೋರಿಗಿ ಪಾಠ ಬರ್ತದೋ ಇಲ್ಲೋ, ಬಾಯಿಂದ ಕೇಳ್ರಿ.”

ಖಾರದ ಘಾಟಿಗೆ ಮುಂದಿನ ಬೆಂಚಿನವರೆಲ್ಲ ಸೀನಿದರು. ಮ್ಯಾಡಮ್ಮು ಕೂಡ ಸೀನಿ, ಮೂಗು ಒರೆಸಿಕೊಂಡು, ಅಶ್ವಿನಿಯನ್ನು ಕರಿಹಲಗೆಯ ಹತ್ತಿರ ನಿಲ್ಲಿಸಿದರು. ಅಣು ಕೇಳಿದರು, ಹೇಳಿದಳು. ಅಯಾನು ಕೇಳಿದರು, “ಕೊಟ್ಟವರು ಪ್ಲಸ್, ಇಸಿದುಕೊಂಡವರು ಮೈನಸ್” ಎಂದು ಕೈ ಮಾಡಿ ತೋರಿಸಿದಳು. ಲಿಂಬೆ ಏನು, ಸಾಬೂನು ಏನು, ಎಲ್ಲಕ್ಕೂ ಟಕಟಕ ಉತ್ತರ. ಕೊನೆಗೆ ಆಮ್ಲಕ್ಕೆ ಆಮ್ಲಾರಿ ಕೂಡಿಸಿದರೆ ಏನಾಗುತ್ತದೆ ಎಂದು ಕೇಳಿದರು.

“ಕ್ಷಾರ ಮತ್ತು ನೀರು” ಎಂದಳು. ಆಮೇಲೆ ನನ್ನ ಕಡೆ ತಿರುಗಿ, “ಮಿರ್ಚಿ ಕೂಡಿಸುವವಳು ಆಯಿ” ಎಂದು ಸೇರಿಸಿದಳು.

ಮತ್ತೆ ಇಡೀ ವರ್ಗ ನಕ್ಕಿತು. ಈ ಸಲ ಅವಳೂ ನಕ್ಕಳು. ಮ್ಯಾಡಮ್ಮು ಅವಳ ಬೆನ್ನು ತಟ್ಟಿ, ಇನ್ನು ಮಿರ್ಚಿ ಎಂದು ಕರೆದವರು ಈ ಪಾಠ ಹೀಗೇ ಒಪ್ಪಿಸಬೇಕು ಎಂದರು. ಕೂಡಲೇ ಹಿಂದಿನ ಬೆಂಚಿನವರು ಪುಸ್ತಕ ತೆರೆದರು. ನಾನು ಡಬ್ಬಿ ಮುಚ್ಚಿ, ಸೆರಗು ಹೊದ್ದು, ಜಿಲ್ಲೆ ಗೆದ್ದವಳ ಹಾಗೆ ಗೇಟಿನ ನಟ್ಟನಡುವೆ ಹೊರಬಿದ್ದೆ.

ಸಂಜೆ ಬಸವರಾಜ ಎಲ್ಲ ಕೇಳಿ ಮುಖ ಊದಿಸಿಕೊಂಡ. “ನಾ ಹೇಳಿದ್ದು ತಪ್ಪಲ್ಲವ್ವ.”

“ತಪ್ಪಲ್ಲಪ್ಪ. ಬೀದರಕ್ಕ ಖರೆ ಅದ. ಇದು ಚಿಕಲಠಾಣಾ” ಅಂದೆ.

ಸೋಮವಾರದ ಪ್ರಯಾಣ ಅಲ್ಲಿಗೆ ನಿಂತಿತು. ಅವತ್ತು ರಾತ್ರಿ ಊಟದ ತನಕ ನಾನು ಆ ಮೂರು ಅರ್ಥವನ್ನು ಸೊಸೆಗೆ, ಹಾಲಿನವನಿಗೆ, ಮೇಲಿನ ಮನೆಯವರಿಗೆ ಬಿಡಿಸಿ ಹೇಳಿದೆ. ಕೇಳದವರನ್ನು ನಿಲ್ಲಿಸಿಯೂ ಹೇಳಿದೆ.

ಮರುದಿನ ಬೆಳಿಗ್ಗೆ ಅಶ್ವಿನಿ ತಟ್ಟೆಯ ಮುಂದೆ ರಾಣಿಯ ಹಾಗೆ ಕೂತು ಒಂದು ತುತ್ತು ತಿಂದು, “ಆಯಿ, ಉಪ್ಪಿಟ್ಟಿಗಿ ಕ್ಷಾರ ಕಮ್ಮಿ ಆಗ್ಯದ” ಎಂದಳು. ನಾನು ಒಲೆಯ ಹತ್ತಿರದ ಡಬ್ಬಿ ತಂದು, ಅವಳ ತಟ್ಟೆಗೆ ಎರಡು ಚಮಚ ಖಾರದ ಪುಡಿ ಉದುರಿಸಿದೆ.